ಒಬ್ಬ ಅಜ್ಜ ಕಡಿಮೆ

ಮಲಬೆಲಾ ಬಾವಿ, ಫೋರೋ ಬಯಲು
೧೪ ಜನವರಿ ೧೯೯೫

ಮೈದುನ ಗಾಸ್‌ನಿಗೆ ಭಾವ ದೀನಿಯ ಸಲಾಂ.

ನಾವೆಲ್ಲ ಕ್ಷೇಮ. ನಿನ್ನ ಅಕ್ಕ ಸಾದಿಯಾಳೂ ಕ್ಷೇಮ ಎಂದು ಬರೆಯಲು ಹೊರಟರೆ ಅವಳೇ ಬಿಡುತ್ತಿಲ್ಲ. "ಮಂಡಿ ನೋವು ಅಂತ ಬರೀರಿ. ಅಲ್ಲಿ ಕೂತು ಕಿತ್ತಳೆಹಣ್ಣು ತಿನ್ತಾ ಇರೋನಿಗೆ ಸ್ವಲ್ಪ ಚಿಂತೆನೂ ಇರ್ಲಿ" ಎನ್ನುತ್ತಾಳೆ. ಬರೆದಿದ್ದೇನೆ. ಈ ಸಲ ಕರಾವಳಿಯ ಮಳೆ ಕೈ ಕೊಟ್ಟಿಲ್ಲ. ಆಡುಗಳ ಹೊಟ್ಟೆ ನೋಡಿದರೆ ನಮಗೇ ಹಸಿವು ಇಂಗುತ್ತದೆ.

ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ಯುದ್ಧ ಮುಗಿದ ಮೇಲೆ ಬಾವಿಗೆ ಬರುವವರು ಹೆಚ್ಚಾಗಿದ್ದಾರೆ. ಸುಡಾನಿನಿಂದ ಮರಳಿದವರು, ಮರಳಿದವರ ಜತೆ ಬಂದವರು, ಜತೆ ಬಂದವರ ಒಂಟೆಗಳು. ನೀರು ಮಾತ್ರ ಹಿಂದೆ ಇದ್ದಷ್ಟೇ. ಅದಕ್ಕೆ ಹಿರಿಯರ ಸಭೆ ಹೊಸದೊಂದು ಕಟ್ಟಳೆ ಮಾಡಿದೆ. ಮುಂದಿನ ಚಳಿಗಾಲ ಆಡುಗಳು ಬಯಲಿಗೆ ಇಳಿದ ಮೇಲೆ, ಪ್ರತಿಯೊಂದು ಮನೆಯ ಯಜಮಾನ ಬಾವಿಯ ಪಕ್ಕ ನಿಂತು, ತನ್ನ ಅಪ್ಪನಿಂದ ಹಿಡಿದು ಬಾವಿ ತೋಡಿದ ಅಲಾದೆಯವರೆಗೆ ಒಂದೊಂದಾಗಿ ಹೆಸರು ಹೇಳಬೇಕು. ಕೊಂಡಿ ತಪ್ಪಿದ ಮನೆಗೆ ನೀರಿಲ್ಲ, ಮೇವೂ ಇಲ್ಲ.

ಇಷ್ಟು ವರ್ಷ ನಮ್ಮೆಲ್ಲರ ಪರವಾಗಿ ನಿನ್ನ ದೊಡ್ಡಪ್ಪ ಸಿರಾಜ್ ಒಬ್ಬರೇ ಹೇಳುತ್ತಿದ್ದರು. ನಿನಗೆ ನೆನಪಿರಬೇಕು, ನಮ್ಮ ಮನೆಯ ಸಾಲಿಗೆ ಬಂದು ವೋಲ್ದು ಅಜ್ಜನ ಹೆಸರು ಮುಗಿಸಿದ ಕೂಡಲೇ ಅವರಿಗೆ ಕೆಮ್ಮು ಬರುತ್ತಿತ್ತು. ಆಡು ಕಾಯುತ್ತ ಬಾಯಿಪಾಠ ಮಾಡುವಾಗ ನಾವು ಹುಡುಗರು ಆ ಕೆಮ್ಮನ್ನೂ ಸೇರಿಸಿಯೇ ಕಲಿತೆವು. ಮೀಸೆ ಬರುವವರೆಗೂ ನಾನು ಕೆಮ್ಮು ಎನ್ನುವವನೊಬ್ಬ ಅಜ್ಜ ಎಂದೇ ತಿಳಿದಿದ್ದೆ. ಈಗ ಬೆರಳು ಮಡಚಿ ನೋಡಿದರೆ ಮಿಕ್ಕ ಮನೆಗಳಿಗೆಲ್ಲ ಅಲಾದೆಯವರೆಗೆ ಹತ್ತು ಹೆಸರು. ನಮಗೆ ಒಂಬತ್ತು ಹೆಸರು, ಒಂದು ಕೆಮ್ಮು.

ಈಗ ನಿನ್ನ ಜತೆ ಅಲ್ಲೇ ಇರುವ ದೊಡ್ಡಪ್ಪನ ಬಾಯಿಂದ ಆ ಜಾಗಕ್ಕೆ ಒಂದು ಹೆಸರು ಬರಲಿ. ಯಾವ ಹೆಸರಾದರೂ ಸರಿ, ಹೇಳುವಾಗ ನಾಲಿಗೆ ತೊಡರದಿದ್ದರೆ ಸಾಕು. ಸಿರಾಜ್ ಹೇಳಿದ್ದು ಎಂದರೆ ಎದುರಾಡುವ ಗಂಡಸು ಈ ಬಯಲಿನಲ್ಲಿ ಇನ್ನೂ ಹುಟ್ಟಿಲ್ಲ. ಕಾಗದ ತರುತ್ತಿರುವ ಕಾಫಿಬೀಜದ ವ್ಯಾಪಾರಿಯ ಹೆಸರು ನೂರು, ನಂಬಿಕಸ್ಥ. ಅವನ ಕೈಯಲ್ಲೇ ಕಳಿಸು.

ದೀನಿ


ಕಸ್ಸಲಾ, ನಿರಾಶ್ರಿತರ ಶಿಬಿರ
೨೬ ಫೆಬ್ರವರಿ ೧೯೯೫

ಭಾವನಿಗೆ ಗಾಶ್ ಹೊಳೆಯ ದಂಡೆಯಿಂದ ಗಾಸ್‌ನ ಸಲಾಂ. ಹೊಳೆ ಈಗ ಬತ್ತಿದೆ. ನಾನು ಮೊದಲೇ ಬತ್ತಿದವನು. ನಮ್ಮಿಬ್ಬರಿಗೂ ಹೆಸರು ಮಾತ್ರವಲ್ಲ, ಹೊಟ್ಟೆಯೂ ಒಂದೇ ಥರ.

ಅಕ್ಕ ಮಂಡಿಗೆ ಜೇನುಮೇಣ ಹಚ್ಚಲಿ. ನಾಲಿಗೆಗೆ ಏನೂ ಆಗಿಲ್ಲವೆಂದು ನಿನ್ನ ಕಾಗದದಿಂದಲೇ ತಿಳಿಯಿತು.

ನೀನು ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳಿದ್ದೀಯ. 'ಅಲಾದೆ ಕುಲದ ಮೂಲ ಮತ್ತು ವಲಸೆ' ಎಂದು ನಾನೊಂದು ಪುಸ್ತಕ ಬರೆಯುತ್ತಿದ್ದೇನೆ. ಬೆಳಿಗ್ಗೆ ಶಿಬಿರದ ಮಕ್ಕಳಿಗೆ ಪಾಠ, ಮಧ್ಯಾಹ್ನದಿಂದ ದೊಡ್ಡಪ್ಪನ ಮಂಚದ ಪಕ್ಕ ಗಟ್ಟಿ ಮಣೆಯ ಮೇಲೆ ಕೂತು ಬರೆವಣಿಗೆ. ಮೂಲ ಹುಡುಕಲು ಹೋಗಿ ಮೂಲವ್ಯಾಧಿ ಸಿಕ್ಕಿದೆ. ಆದರೂ ಕೆಲಸ ಸಾಗುತ್ತಿದೆ. ಅಲಾದೆ ಸಮುದ್ರದ ಆಚೆಯಿಂದ ದೋಣಿಯಲ್ಲಿ ಬಂದದ್ದು, ಕರಾವಳಿಯ ಉಪ್ಪು ನೆಲದಲ್ಲಿ ಬಾವಿ ತೋಡಿದ್ದು, ಮಕ್ಕಳು ಬೇಸಿಗೆಯಲ್ಲಿ ಕಣಿವೆ ಹತ್ತಿ ಮೇಲಿನ ಬಯಲಿಗೆ ಹೋಗಿ ಚಳಿಗಾಲಕ್ಕೆ ಇಳಿದು ಬರುವ ದಾರಿ ಹಿಡಿದದ್ದು, ಎಲ್ಲ ಬರೆದಾಯಿತು. ದೋಣಿಯದೇ ದೊಡ್ಡ ತಲೆನೋವು. ಈ ಶಿಬಿರದಲ್ಲಿರುವ ಒಂದೊಂದು ಕುಲದವರೂ ತಮ್ಮ ಮೂಲಪುರುಷ ಅದೇ ದೋಣಿಯಲ್ಲಿದ್ದ ಎನ್ನುತ್ತಾರೆ. ಪಕ್ಕದ ಗುಡಿಸಲಿನ ಮುದುಕನಿಗೆ ಕೇಳಿದೆ: "ಇಷ್ಟು ಜನ ಹತ್ತಿದ್ರೆ ದೋಣಿ ಮುಳುಗ್ತಿತ್ತಲ್ವಾ ಅಜ್ಜಾ?"

"ನಮ್ಮೋರು ಕೂತಿದ್ರು ಕಣಪ್ಪ ಮೇಷ್ಟ್ರೇ. ನಿಮ್ಮೋರು ಹಗ್ಗ ಹಿಡ್ಕೊಂಡು ನೀರಲ್ಲಿ ಬಂದ್ರು" ಎಂದ.

ನಿನ್ನ ಪ್ರಶ್ನೆಯನ್ನು ದೊಡ್ಡಪ್ಪನ ಮುಂದಿಟ್ಟೆ. "ದೊಡ್ಡಪ್ಪಾ, ವೋಲ್ದು ಅಜ್ಜನ ಅಪ್ಪ ಯಾರು?"

ದೊಡ್ಡಪ್ಪ ಕೆಮ್ಮಿದರು.

"ನೀರು ಕೊಡ್ಲಾ?"

"ಕಾಫಿ ಕೊಡು."

ಕಾಫಿ ಕುಡಿದಾದ ಮೇಲೆ ಮತ್ತೆ ಕೇಳಿದೆ. "ಈ ಕಾಫಿಗೆ ಇಷ್ಟೊಂದು ಶುಂಠಿ ಹಾಕಿದ್ದು ಯಾರು?" ಎಂದು ನನ್ನನ್ನೇ ವಿಚಾರಣೆಗೆ ನಿಲ್ಲಿಸಿದರು.

ಹಿಡಿದದ್ದನ್ನು ಬಿಡುವವನು ನಾನಲ್ಲ. ನಿಜವಾದ ಹೆಸರು ಸಿಕ್ಕಿದ ದಿನವೇ ಬರೆಯುತ್ತೇನೆ. ಯಾವುದಾದರೂ ಸರಿ ಎಂದು ನೀನು ತಮಾಷೆಗೆ ಬರೆದಿದ್ದೀಯ, ಓದಿ ನಕ್ಕೆ. ಇತಿಹಾಸದಲ್ಲಿ ಚೌಕಾಸಿ ನಡೆಯುವುದಿಲ್ಲ, ಭಾವ.

ನಿನ್ನ ಗಾಸ್


ಕೊಹಾಯಿತೋ, ಮೇಲಿನ ಬಯಲು
೯ ಜೂನ್ ೧೯೯೫

ಗಾಸ್‌ನಿಗೆ ಸಲಾಂ.

ನಿನ್ನ ಕಾಗದ ಈಗ ಕೈಸೇರಿತು. ಗಡಿಯ ಬಾಗಿಲು ಹಾಕಿದ ಮೇಲೆ ವ್ಯಾಪಾರಿ ನೂರುವೂ ಕಳ್ಳದಾರಿಯಲ್ಲಿ ಸುತ್ತಿಕೊಂಡು ಬರಬೇಕು. ಬಂದವನು ಕಾಫಿಬೀಜದ ಚೀಲ ಬಿಚ್ಚುವ ಮೊದಲೇ ನಾನು ಕಾಗದ ಕಿತ್ತುಕೊಂಡೆ. ದೋಣಿ ಸಿಕ್ಕಿತು, ಶುಂಠಿ ಸಿಕ್ಕಿತು, ಹೆಸರು ಸಿಗಲಿಲ್ಲ.

ಆಡುಗಳನ್ನು ಮೇಲೆ ತಂದಿದ್ದೇವೆ. ಇಲ್ಲಿ ಮಳೆ ತಡವಾಗಿದೆ. ಸಭೆಯಲ್ಲಿ ಕೂರುವ ಹಾರೂನ್‌ನ ಮನೆಯವರು ನಮ್ಮ ಪಕ್ಕದಲ್ಲೇ ಬೀಡು ಬಿಟ್ಟಿದ್ದಾರೆ. ನಮ್ಮ ಹಿಂಡು ಹಾದುಹೋಗುವಾಗ ಅವರ ಹುಡುಗರು ಕೆಮ್ಮುತ್ತಾರೆ. ಮೊನ್ನೆ ನಿನ್ನ ಅಕ್ಕ ನಿಂತು ಕೇಳಿಯೇಬಿಟ್ಟಳು: "ಏನ್ರೋ, ನಿಮ್ಮಮ್ಮ ಹಾಲಿಗೆ ಉಪ್ಪು ಹಾಕಿ ಕುಡಿಸ್ತಾಳಾ? ಗಂಟಲು ಕೆರೀತಿದೆಯಲ್ಲ!" ಹುಡುಗರು ಓಡಿದರು. ಅವಳು ಗುಡಿಸಲಿಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದಳು. ಮುದ್ದೆ ತಿರುವಲು ಏಳಲಿಲ್ಲ.

ನನ್ನ ಇಬ್ಬರು ಗಂಡುಮಕ್ಕಳಿಗೂ ಆಡು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಚಳಿಗಾಲದಲ್ಲಿ ಮಲಬೆಲಾ ಇಲ್ಲವೆಂದರೆ ಹಿಂಡಿಲ್ಲ. ಹಿಂಡಿಲ್ಲ ಎಂದರೆ ನಾವು ಯಾರೂ ಅಲ್ಲ. ನನಗೆ ಪುಸ್ತಕ ಬೇಡ, ಗಾಸ್. ದೊಡ್ಡಪ್ಪನ ಹತ್ತಿರ ಕೂತು, ನನ್ನ ಮಾತನ್ನು ನಾನು ಬರೆದ ಹಾಗೆಯೇ ಓದಿ ಹೇಳು. ಒಂದು ಹೆಸರು.

ದೀನಿ


ಕಸ್ಸಲಾ
೨೦ ಆಗಸ್ಟ್ ೧೯೯೫

ಪ್ರೀತಿಯ ಭಾವ,

ಗಾಶ್ ತುಂಬಿ ಬಂದಿದೆ. ಶಾಲೆಯ ಕಪ್ಪುಹಲಗೆ ನೀರಲ್ಲಿ ತೇಲಿಹೋಯಿತು. ಅದನ್ನು ಹಿಡಿಯಲು ಹೋದ ಮೇಷ್ಟರನ್ನು ಮಕ್ಕಳು ಹಿಡಿದು ತಂದರು. ಆ ದಿನದ ಪಾಠದಲ್ಲಿ ಯಾರು ಪಾಸು ಎಂದು ಬೇರೆ ಹೇಳಬೇಕಿಲ್ಲ.

ಅಕ್ಕನಿಗೆ ಹೇಳು, ಹುಡುಗರ ಕೆಮ್ಮಿಗೆಲ್ಲ ಗೋಡೆ ನೋಡುತ್ತ ಮಲಗಬಾರದು.

ಮಳೆಯಿಂದಾಗಿ ದೊಡ್ಡಪ್ಪನಿಗೆ ಎದೆ ಕಟ್ಟಿದೆ. ಮಾತು ಕಡಿಮೆ. ಒಂದು ಮಧ್ಯಾಹ್ನ ತಾವಾಗಿಯೇ ಒಂದು ಕಥೆ ಹೇಳಿದರು. ನಿನ್ನ ವಿಷಯಕ್ಕೆ ಸಂಬಂಧಪಟ್ಟದ್ದಲ್ಲ. ಸುಮ್ಮನೆ ಬರೆಯುತ್ತೇನೆ, ಚೆನ್ನಾಗಿದೆ. ಯಾವುದೋ ಬರಗಾಲದ ವರ್ಷ ಮೇಲಿನ ಸೀಮೆಯಿಂದ ಒಬ್ಬ ಹುಡುಗ ಇಳಿದು ಬಂದನಂತೆ. ಕಂಕುಳಲ್ಲಿ ಖಾಲಿ ಜೇನುಪೆಟ್ಟಿಗೆ, ಹಿಂದೆ ಯಾರೂ ಇಲ್ಲ. ಬಾವಿಯ ಹತ್ತಿರ ಕೂತವನು ಏಳಲಿಲ್ಲ. ನಮ್ಮ ಹಿರಿಯರಲ್ಲಿ ಒಬ್ಬರು ಅವನ ಕೈಗೆ ಹಾಲು ಸುರಿದು, ಆಡು ಕಡಿದು, ಅದರ ತೊಗಲಿನ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿ, "ಇವತ್ತಿಂದ ಇವನು ನಮ್ಮೋನು. ಇವನ ಅಪ್ಪ ಯಾರು ಅಂತ ಕೇಳಿದೋನು ಹೋರಿ ದಂಡ ತೆರಬೇಕು" ಎಂದರಂತೆ. ಯಾವ ಮನೆಯವನೋ ಏನೋ. ನಾನು ಬರೆದುಕೊಳ್ಳಲೂ ಇಲ್ಲ. ಬಂದು ಸೇರಿದವನನ್ನು ಬಂದು ಸೇರಿದವನು ಎನ್ನಬಾರದೆಂಬ ಕಟ್ಟಳೆ ನಿನಗೂ ಗೊತ್ತಲ್ಲ. ಕಥೆ ಮುಗಿಸಿ ದೊಡ್ಡಪ್ಪ ನನ್ನ ಕೈ ಹಿಡಿದು, "ಬಾಯಿ ಮುಚ್ಕೊಂಡಿರು" ಎಂದರು. ಮುಚ್ಚಿಕೊಂಡಿದ್ದೇನೆ.

ಇನ್ನು ನಿನ್ನ ಹೆಸರಿನ ವಿಷಯ. ದೊಡ್ಡಪ್ಪನಿಗೆ ನೆನಪಿಲ್ಲ. ಮತ್ತೆ ಮತ್ತೆ ಕೇಳಿ ಅವರನ್ನು ದಣಿಸಲು ನನಗೆ ಮನಸ್ಸಿಲ್ಲ. ನೀನು ಸಭೆಯಲ್ಲಿ ನಿಂತು "ಈ ಒಂದು ಹೆಸರು ಮರೆತುಹೋಗಿದೆ" ಎಂದು ನೇರವಾಗಿ ಹೇಳಿಬಿಡು. ನಿಜ ಹೇಳಿದವನಿಗೆ ಮರ್ಯಾದೆ ಕೊಡದಷ್ಟು ನಮ್ಮ ಹಿರಿಯರು ಕೆಟ್ಟಿಲ್ಲ.

ನಿನ್ನ ಗಾಸ್


ಕೊಹಾಯಿತೋ
೧೧ ಅಕ್ಟೋಬರ್ ೧೯೯೫

ಗಾಸ್‌ನಿಗೆ,

ಕಥೆ ಚೆನ್ನಾಗಿದೆ. ನಿನ್ನ ಅಕ್ಕನಿಗೂ ಓದಿ ಹೇಳಿದೆ. ಖಾಲಿ ಜೇನುಪೆಟ್ಟಿಗೆ ಎಂದ ಕೂಡಲೇ ಎದ್ದು ಹೊರಗೆ ಹೋದಳು.

ಮರೆತುಹೋಗಿದೆ ಎಂದು ಹೇಳಿಬಿಡು ಎನ್ನುತ್ತೀಯ. ನಮ್ಮಲ್ಲಿ ಆಡಿನ ಹೆಸರು ಮರೆಯಬಹುದು, ಅಜ್ಜನದು ಮರೆಯುವ ಹಾಗಿಲ್ಲ. ಕಾಲೇಜಿನಲ್ಲಿ ಇದನ್ನು ಹೇಳಿಕೊಡಲಿಲ್ಲವೇ?

ಸಭೆ ಜನವರಿಯಲ್ಲಿ. ಮುಂದಿನ ವಾರ ಇಳಿಯಲು ಶುರು ಮಾಡುತ್ತೇವೆ. ನೂರು ಕಸ್ಸಲಾದಲ್ಲಿ ನಿನಗಾಗಿ ಕಾಯುತ್ತಾನೆ. ಒಂದು ಹೆಸರು ಬರೆದು ದೊಡ್ಡಪ್ಪನ ಹೆಬ್ಬೆಟ್ಟು ಒತ್ತಿಸಿ ಕಳಿಸು. ಇದಕ್ಕಿಂತ ಬಿಡಿಸಿ ಹೇಳಲು ನನ್ನಿಂದಾಗದು. ನೀನು ಬುದ್ಧಿವಂತ.

ದೀನಿ


ಕಸ್ಸಲಾ
೨೭ ನವೆಂಬರ್ ೧೯೯೫

ಪ್ರೀತಿಯ ಭಾವ,

ನಿನ್ನ ಸಿಟ್ಟು ನನಗೆ ತಿಳಿಯುತ್ತದೆ. ನಾನು ಇಲ್ಲಿ ಕಾಗದದ ಮೇಲೆ ವಲಸೆ ಬರೆಯುವವನು, ನೀನು ಕಾಲಿನಲ್ಲಿ ಬರೆಯುವವನು. ಬಾವಿ ಹೋದರೆ ನಿನ್ನ ಭಾವಿ ಬದುಕೂ ಹೋದಂತೆ, ಅದೂ ಗೊತ್ತು. ಹಾಗೆಂದು ಇಲ್ಲದ ಅಜ್ಜನನ್ನು ಹುಟ್ಟಿಸಿ ಕಳಿಸಲೇ? ನಾಳೆ ಯಾರಾದರೂ ಕೆದಕಿದರೆ ಸುಳ್ಳು ನಿನ್ನ ಮಕ್ಕಳ ತಲೆಗೆ ಬರುತ್ತದೆ. ಅದಕ್ಕಿಂತ ಗಟ್ಟಿಯಾದದ್ದನ್ನೇ ಕಳಿಸುತ್ತಿದ್ದೇನೆ.

ಎರಡು ವಾರ ಕೂತು ಬರೆದಿದ್ದೇನೆ, ಸಭೆಯಲ್ಲಿ ಇದನ್ನೇ ಓದಿಸು. "ಮಾನ್ಯ ಹಿರಿಯರೇ, ಯಾವ ಕುಲವೂ ಒಬ್ಬನೇ ಮನುಷ್ಯನ ಹೊಟ್ಟೆಯಿಂದ ಇಳಿದದ್ದಲ್ಲ. ದೊಡ್ಡ ನದಿ ಎಂದರೆ ಬೇರೆ ಬೇರೆ ಬೆಟ್ಟಗಳಲ್ಲಿ ಹುಟ್ಟಿದ ಹೊಳೆಗಳ ಕೂಟ. ಸಮುದ್ರದ ಕಡೆಯಿಂದ ಬಂದವರು, ಮೇಲಿನ ಸೀಮೆಯಿಂದ ಇಳಿದವರು, ಎಲ್ಲರೂ ಒಂದೇ ಬಾವಿಯ ನೀರು ಕುಡಿದು ಒಂದೇ ಕುಲವಾದರು. ಯಾರು ಮೊದಲು, ಯಾರು ಆಮೇಲೆ ಎಂದು ಕೇಳುವುದು ನೀರನ್ನು ಕೇಳಿದಂತೆ." ಇದರ ಕೆಳಗೆ "ದೀನಿಯ ಮನೆ ನಮ್ಮ ಮನೆ" ಎಂದು ದೊಡ್ಡಪ್ಪನ ಮಾತು, ಅವರದೇ ಹೆಬ್ಬೆಟ್ಟು. ಮೇಲಿನದನ್ನು ಅವರಿಗೆ ಪೂರ್ತಿ ಓದಿ ಹೇಳಲಿಲ್ಲ, ಉಸಿರಾಟ ಕಷ್ಟವಿತ್ತು. ಕೊನೆಯ ಮಾತು ಕೇಳಿ ತಲೆಯಾಡಿಸಿದರು.

ನಿನ್ನ ಹೆಸರು ಎಲ್ಲೂ ಎತ್ತದೆ, ಯಾರನ್ನೂ ನೋಯಿಸದೆ ಬರೆದಿದ್ದೇನೆ. ಇಷ್ಟು ವರ್ಷ ಓದಿದ್ದಕ್ಕೆ ಇದೊಂದು ಕಾಗದ ಸಾರ್ಥಕ ಅನ್ನಿಸಿತು. ಅಕ್ಕನಿಗೆ ಹೇಳು, ಮುಂದಿನ ಚಳಿಗಾಲ ಅವಳ ಕೈಯ ಮುದ್ದೆ ನನಗೂ ಒಂದು ಇರಲಿ, ನಡುವೆ ತುಪ್ಪದ ಗುಂಡಿ ಆಳವಾಗಿರಲಿ.

ನಿನ್ನ ಗಾಸ್


ಮಸ್ಸಾವಾ, ಉಪ್ಪಿನಾಗರ
೩ ಮಾರ್ಚ್ ೧೯೯೬

ಗಾಸ್‌ನಿಗೆ,

ವಿಳಾಸ ನೋಡಿ ನಿನಗೆ ಅರ್ಥವಾಗಿರಬೇಕು.

ಸಭೆಯ ದಿನ ಬೆಳಿಗ್ಗೆಯೇ ನೂರು ಬಂದ, ತಡವಾಯಿತೇನೋ ಎಂದು ಹೆದರಿ ಬೆವತುಹೋಗಿದ್ದ. ಕಾಗದದ ಕೊನೆಯಲ್ಲಿ ದೊಡ್ಡಪ್ಪನ ಹೆಬ್ಬೆಟ್ಟು ಕಂಡಿತು. ಓದಲು ಹೊತ್ತಿರಲಿಲ್ಲ, ಓದಬೇಕು ಎಂದೂ ಅನ್ನಿಸಲಿಲ್ಲ. ಹೆಸರು ಬಂತು ಎಂದು ನಿನ್ನ ಅಕ್ಕನಿಗೆ ಕೂಗಿ ಹೇಳಿದೆ. ಅವಳು ಎಲ್ಲರಿಗೂ ಕಾಫಿ ಹುರಿದಳು, ಹಾರೂನ್‌ನ ಹೆಂಡತಿಗೂ ಕೊಟ್ಟಳು.

ನನ್ನ ಸರದಿ ಬಂತು. ಅಪ್ಪನಿಂದ ಶುರು ಮಾಡಿ ವೋಲ್ದುವಿನವರೆಗೆ ಹೇಳಿದೆ.

"ಮುಂದೆ?" ಎಂದ ಹಾರೂನ್.

"ಮುಂದಿಂದು ಸಿರಾಜ್ ದೊಡ್ಡಪ್ಪ ಬರೆಸಿ ಕಳಿಸಿದ್ದಾರೆ."

"ಬಾಯಲ್ಲಿ ಹೇಳಪ್ಪ. ಕಾಗದಕ್ಕೆ ನೀರು ಕುಡಿಸ್ತೀವಾ?"

ಸಭೆಯ ಹಿರಿಯರು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ಗಾಸ್, ಅವರು ಕೆಟ್ಟವರಲ್ಲ. ನನ್ನನ್ನು ನೋಡಿ, "ದೀನಿ, ಒಂದು ಹೆಸರು ಅನ್ನು ಮಗಾ. ಯಾವ್ದೋ ಒಂದು. ಮುದ್ದೆ ಆರ್ತಾ ಇದೆ" ಎಂದರು. ಹಾರೂನ್ ಕೂಡ ನೆಲ ನೋಡಿದ. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಕಾಯುತ್ತಿದ್ದರು. ನಾನು ಕಾಗದವನ್ನು ಕರಾವಳಿಯ ಶಾಲೆಯ ಮೇಷ್ಟರ ಕೈಗೆ ಕೊಟ್ಟೆ. ಅವರು ಗಟ್ಟಿಯಾಗಿ, ರಾಗವಾಗಿ ಓದಿದರು. ಬೇರೆ ಬೇರೆ ಬೆಟ್ಟ. ಬೇರೆ ಬೇರೆ ಹೊಳೆ. ಮೇಲಿನ ಸೀಮೆಯಿಂದ ಇಳಿದವರು.

ಓದಿ ಮುಗಿಸಿ ಮೇಷ್ಟರು ಕಾಗದ ಮಡಚಿದರು. ಕೊನೆಗೆ ಹಿರಿಯರು, "ನಾವ್ಯಾರೂ ಹೇಳ್ಲಿಲ್ಲಪ್ಪ. ನಿನ್ನ ಹೆಂಡ್ತಿ ತವರಿನ ಕಾಗದವೇ ಹೇಳ್ತು. ಕೇಳಿಸ್ಕೊಂಡದ್ದನ್ನ ಕೇಳಿಸ್ಲಿಲ್ಲ ಅನ್ನೋದು ಹೇಗೆ?" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಬೇಕಾಗಿದ್ದ ನೀರು ಅದಲ್ಲ.

ನನ್ನಪ್ಪ ಸಾಯುವಾಗ ವೋಲ್ದುವಿನ ವಿಷಯ ಹೇಳಿಯೇ ಸತ್ತ. ನೀನು ಮುಚ್ಚಿಟ್ಟು ಬರೆದ ಆ ಜೇನುಪೆಟ್ಟಿಗೆಯ ಹುಡುಗನ ಕಥೆ ನನ್ನ ಮನೆಯದು, ನನಗೆ ಹೊಸದಲ್ಲ. ನಾನು ನಿನ್ನನ್ನು ಇತಿಹಾಸ ಕೇಳಲಿಲ್ಲ. ಹೆಸರನ್ನು ನಾನೇ ಕಟ್ಟಿಕೊಳ್ಳಬಹುದಿತ್ತಲ್ಲ ಎನ್ನುತ್ತೀಯೇನೋ. ತನಗೆ ತಾನೇ ಅಜ್ಜನನ್ನು ಹುಟ್ಟಿಸಿಕೊಳ್ಳಲು ಯಾರಿಗೂ ಬರುವುದಿಲ್ಲ. ಅಜ್ಜನನ್ನು ಇನ್ನೊಂದು ಮನೆಯವರು ಕೊಡಬೇಕು. ನಿನ್ನ ಮನೆಯವರು ನನಗೆ ಹೆಣ್ಣನ್ನೇ ಕೊಟ್ಟಿದ್ದಿರಿ, ಅಜ್ಜನನ್ನು ಕೊಡಲಾರಿರಾ ಎಂದುಕೊಂಡೆ.

ನೀರಿಲ್ಲದ ಮೇಲೆ ಹಿಂಡನ್ನು ಸಿಕ್ಕಿದಷ್ಟಕ್ಕೆ ಮಾರಿದೆ. ಹುಡುಗರು ಇಲ್ಲಿ ಉಪ್ಪು ಕೆರೆಯುತ್ತಾರೆ. ಕಾಲಿನ ಬಿರುಕಿಗೆ ಉಪ್ಪು ಹೊಕ್ಕಾಗ ದೊಡ್ಡವನು ಕೂಗುತ್ತಾನೆ, ಚಿಕ್ಕವನು ಕೂಗುವುದೂ ಇಲ್ಲ. ನಿನ್ನ ಅಕ್ಕ ನಿನಗೆ ಏನನ್ನೂ ಹೇಳಬೇಡ ಎಂದಿದ್ದಾಳೆ. ಮಂಡಿಯ ವಿಷಯವನ್ನೂ.

ಇಲ್ಲಿ ಯಾರೂ ಯಾರ ಅಪ್ಪನ ಹೆಸರನ್ನೂ ಕೇಳುವುದಿಲ್ಲ. ಅದೊಂದು ಸುಖ ಎಂದು ಮೊದಲ ವಾರ ಅಂದುಕೊಂಡಿದ್ದೆ.

ದೀನಿ


ಕಸ್ಸಲಾ
೧೯ ಜೂನ್ ೧೯೯೬

ಭಾವ,

ಈ ಕಾಗದವನ್ನು ಎಲ್ಲಿಗೆ ಮುಟ್ಟಿಸಬೇಕೆಂದು ನೂರುವಿಗೂ ಗೊತ್ತಿಲ್ಲ. ಉಪ್ಪಿನಾಗರದಲ್ಲಿ ನೀವು ಈಗ ಇಲ್ಲವಂತೆ. ಅಸ್ಸಬ್ ಕಡೆಗೆ ಹೋದರು ಎಂದು ಒಬ್ಬ, ದೋಣಿ ಹತ್ತಿದರು ಎಂದು ಇನ್ನೊಬ್ಬ. ಆದರೂ ಅವನ ಚೀಲದಲ್ಲಿ ಹಾಕುತ್ತೇನೆ.

ದೊಡ್ಡಪ್ಪ ಹೋದರು. ಹೋಗುವ ಹಿಂದಿನ ದಿನ ಸ್ವಲ್ಪ ಎಚ್ಚರವಿತ್ತು. "ದೀನಿ ಬಾವಿದು ಏನಾಯ್ತೋ?" ಎಂದರು. ನಾನು ನಿನ್ನ ಕಾಗದಗಳನ್ನು ತಂದು ಮೊದಲಿನಿಂದ ಓದಿದೆ. ಅಲ್ಲಿಯವರೆಗೆ ಓದಿ ಹೇಳಿರಲಿಲ್ಲ. ನಾನು ಕೇಳಿದ್ದು ನನ್ನ ಪ್ರಶ್ನೆಯನ್ನು, ನಿನ್ನದನ್ನಲ್ಲ. 'ಯಾವ ಹೆಸರಾದರೂ ಸರಿ' ಎನ್ನುವಲ್ಲಿಗೆ ಬಂದಾಗ ದೊಡ್ಡಪ್ಪ ಎದ್ದು ಕೂರಲು ನೋಡಿದರು.

"ಕೇಳಿದ್ನಾ? ಅವನು ಹೀಗೆ ಕೇಳಿದ್ನಾ?"

"ಹೂಂ ದೊಡ್ಡಪ್ಪಾ."

"ಮತ್ತೆ ಕೊಡೋದಲ್ವೇನೋ! ಸಮಾರೆ ಅಂತ ಕೊಡೋದು. ಮಕ್ಕಳಿಲ್ದೆ ಸತ್ತ ಸಮಾರೆ ಇರ್ಲಿಲ್ವಾ ನಮ್ಮಲ್ಲಿ? ಅವನಿಗೊಬ್ಬ ಮಗ ಆಗ್ತಿದ್ದ, ಇವನಿಗೊಬ್ಬ ಅಪ್ಪ ಆಗ್ತಿದ್ದ. ನಾನು ಬಾಯಿ ಮುಚ್ಕೋ ಅಂದಿದ್ದು ಯಾಕೆ, ನೀನು ಮುಚ್ಕೊಂಡಿದ್ದು ಯಾವುದನ್ನ!"

ಅದಾದ ಮೇಲೆ ನನ್ನ ಜೊತೆ ಮಾತಾಡಲಿಲ್ಲ.

ಮಣ್ಣು ಮಾಡಿದ ಮೇಲೆ ಕುಲದ ಸಾಲು ಹೇಳಬೇಕಲ್ಲ. ಹೇಳುವವರು ಬೇರೆ ಯಾರೂ ಉಳಿದಿಲ್ಲ, ನಾನೇ ನಿಂತೆ. ಒಂದೊಂದು ಮನೆಯದಾಗಿ ಹೇಳುತ್ತ ನಿನ್ನ ಮನೆಗೆ ಬಂದೆ. ವೋಲ್ದು, ಅವನಪ್ಪ ಸಮಾರೆ, ಅವನಪ್ಪ, ಅವನಪ್ಪ, ಅಲಾದೆಯವರೆಗೆ. ಎಲ್ಲೂ ನಿಲ್ಲಲಿಲ್ಲ. ಶಿಬಿರದಲ್ಲಿರುವ ನಮ್ಮವರೆಲ್ಲ ಅಲ್ಲಿದ್ದರು. ಎಲ್ಲರೂ ಒಟ್ಟಿಗೆ "ನಿಜ" ಎಂದರು. ಅಷ್ಟೇ, ಭಾವ. ಒಂದು ಉಸಿರಿನ ಕೆಲಸ. ಈಗ ನಿನ್ನ ಮನೆಗೆ ಹತ್ತು ಹೆಸರಿವೆ. ಅದನ್ನು ಒಪ್ಪಿದವರಲ್ಲಿ ಒಬ್ಬರಿಗೂ ಬಾವಿಯಿಲ್ಲ, ಊರಿಗೆ ಹೋಗುವ ದಾರಿಯೂ ಇಲ್ಲ.

ಪುಸ್ತಕ ಬಿಟ್ಟಿದ್ದೇನೆ.

ಮರುದಿನ ಬೆಳಿಗ್ಗೆ ನೀರಿನ ಲಾರಿ ಬಂತು. ಇಲ್ಲಿ ಮನೆಗೊಂದು ಡಬ್ಬ ಲೆಕ್ಕ. ಹಿರಿಯಳೊಬ್ಬಳು ಒಂದು ಡಬ್ಬ ಹೆಚ್ಚಿಗೆ ಹಿಡಿದು, "ಇದು ದೀನಿ ಮನೇದು, ತುಂಬ್ಸಿ" ಎಂದಳು. ಲಾರಿಯವನು ಬೈದುಕೊಂಡೇ ತುಂಬಿಸಿದ. ಅದನ್ನು ಸಾಲಿನ ಕೊನೆಯಲ್ಲಿ ಇಟ್ಟರು. ಮಧ್ಯಾಹ್ನದ ಬಿಸಿಲಿಗೆ ಕೈ ಇಡಲಾಗದಷ್ಟು ಕಾದಿತ್ತು. ಸಂಜೆ ಪಕ್ಕದ ಗುಡಿಸಲಿನವರ ಹುಡುಗರು ಬಂದು ಅದರಲ್ಲಿ ಕೈಕಾಲು ತೊಳೆದುಕೊಂಡರು. ನಾನು ನೋಡುತ್ತ ಕೂತಿದ್ದೆ. ಬೇಡ ಎನ್ನಲಿಲ್ಲ.

ಗಾಸ್